ಸೋಲಾರಿಗೆ ಹೊದಿಸಿದ ಕಂಬಳಿ

ನಮ್ಮ ಯಜಮಾನರಾದ ಗಂಗಾಧರಯ್ಯನವರಿಗೆ ಒಂದು ಕೆಲಸ ಹೇಳಿದರೆ ಒಂದೂವರೆ ಮಾಡುತ್ತಾರೆ. ಆ ಮೇಲಿನ ಅರ್ಧವೇ ನನ್ನ ಪ್ರಾಣ ತಿನ್ನುವುದು.

ಮಗಳು ಸೌಜನ್ಯಳಿಗೆ ಹಾಸನದಲ್ಲಿ ಹೆರಿಗೆಯಾಯಿತು. ಆಪರೇಷನ್ ಆಗಿದ್ದರಿಂದ ಆಸ್ಪತ್ರೆ ಹತ್ತಿರವಿರಲಿ ಎಂದು ಮೊದಲ ತಿಂಗಳು ಅತ್ತೆಮನೆಯಲ್ಲೇ ಉಳಿದಳು. ಉಳಿದ ಬಾಣಂತನ ನಮ್ಮ ಪಾಲಿನದು, ಅದೂ ಡಿಸೆಂಬರಿನಲ್ಲಿ. ಬೀಗಿತ್ತಿ ಸ್ನೇಹಲತಾ ಫೋನಿನಲ್ಲಿ ನಯವಾಗಿ ಒಂದು ಮಾತು ಹಾಕಿದರು.

"ನಿಮ್ ಚನ್ನರಾಯಪಟ್ಟಣದ ಕಡೆ ಚಳಿ ಜಾಸ್ತಿಯಂತೆ. ಭಾನುವಾರ ನಾನೇ ಜೊತೇಲಿ ಬಂದು ನೋಡ್ತೀನಿ. ಮನೆ ಬೆಚ್ಚಗಿಲ್ಲ ಅಂದ್ರೆ ಇಬ್ರನ್ನೂ ವಾಪಸ್ ಕರ್ಕೊಂಡೋಗ್ತೀನಿ."

ಹಾಸನದಲ್ಲೇನು ಕೆಂಡ ಸುರಿಯುತ್ತದೆಯೇ? ನನಗೆ ಮೈಯೆಲ್ಲ ಉರಿಯಿತು. ಮೊಮ್ಮಗಳನ್ನು ಆಸ್ಪತ್ರೆಯಲ್ಲಿ ಎರಡು ಸಲ ಎತ್ತಿಕೊಂಡಿದ್ದೆ, ಅಷ್ಟೇ.

ಮನೆ ಬೆಚ್ಚಗೆ ಮಾಡಿ ಎಂದೆ. ಯಜಮಾನರು ಟೊಂಕ ಕಟ್ಟಿದರು. ತೆಂಗಿನ ಮಟ್ಟೆ, ಸಿಪ್ಪೆ ತಂದು ಹಿತ್ತಲಲ್ಲಿ ಆಳೆತ್ತರ ಒಟ್ಟಿದರು. ಕಿಟಕಿ ಸಂದಿಗೆಲ್ಲ ಪೇಪರು ತುರುಕಿದರು. ನಾನು ಒಣಶುಂಠಿ, ಮೆಣಸು ಕುಟ್ಟುತ್ತಾ ಕೂತವಳು, ಕಂಬಳಿಗಳಿಗೆ ಬಿಸಿಲು ತಾಗಲೆಂದು, ತಾರಸಿಯ ಮೇಲೆ ಹಾಕಿ ಬನ್ನಿ ಎಂದು ಅವರ ಕೈಗೇ ಕೊಟ್ಟೆ.

ಭಾನುವಾರ ಕಾರು ಬಂತು. ಸೌಜನ್ಯ ಮಗುವಿನ ಜೊತೆ ಜಗಲಿಯ ಬಿಸಿಲಿನಲ್ಲಿ ಕೂತಳು. ಸ್ನೇಹಲತಾ ನೀರೂ ಕುಡಿಯದೆ ನೇರ ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದರು. ಕೈ ಇಟ್ಟವರು ಫಕ್ಕನೆ ಎಳೆದುಕೊಂಡರು.

"ಸೋಲಾರ್ ಇದೆ ಅಂದಿದ್ರಿ?"

"ಸೋಲಾರೇ ಕಣ್ರಮ್ಮ," ಎಂದರು ಯಜಮಾನರು ಹೆಮ್ಮೆಯಿಂದ. "ಚಳಿ ತಾಗ್ಬಾರ್ದು ಅಂತ ಮೊನ್ನೆಯಿಂದ ಐದು ಕಂಬ್ಳಿ ಒದ್ಸಿವ್ನಿ. ಕೊಟ್ಗೇಲಿ ಎಮ್ಮೆಗೆ ಗೋಣಿ ಒದ್ಸಲ್ವಾ, ಅಂಗೆ."

"ಮತ್ತೆ ಬಿಸ್ಲು?"

"ಬಿಸ್ಲೆಲ್ಲಿ ಬಿದ್ದಾತು, ಪೂರ್ತಿ ಮುಚ್ಚಿವ್ನಲ್ಲ."

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ಹತ್ತೇ ನಿಮಿಷ ಎಂದು ಹಂಡೆಯ ಒಲೆಗೆ ಸಿಪ್ಪೆ ತುರುಕಿ ಬೆಂಕಿ ಹಚ್ಚಿದೆ. ಹೊಗೆ ಗೋಡೆಯ ಮೇಲಿನ ಕಿಂಡಿಯಿಂದ ಆಚೆ ಹೋಗಬೇಕು. ತಲೆಯೆತ್ತಿ ನೋಡಿದರೆ ಅಲ್ಲಿಗೂ ಗೋಣಿಚೀಲ ಜಡಿದಿದ್ದಾರೆ. ಹೊಗೆ ಒಂದು ಸುತ್ತು ಹಾಕಿ, ದಾರಿ ಕಾಣದೆ ನಡುಮನೆಗೆ ಬಂತು. ಮೂವರೂ ಕೆಮ್ಮುತ್ತಾ ಅಂಗಳಕ್ಕೆ ಓಡಿಬಂದೆವು.

ನಾನು ಮೆಟ್ಟಿಲ ಮೇಲೆ ಕುಸಿದೆ. "ಕರ್ಕೊಂಡೋಗಿ," ಎಂದೆ. "ನನ್ ಅಣೆಬರ ಇಷ್ಟೇ."

ಸ್ನೇಹಲತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆ ಕರಗಿದ ಮೇಲೂ ಒರೆಸುತ್ತಲೇ ಇದ್ದರು.

"ಹಾಸನದಲ್ಲೂ ಇಷ್ಟೇ ಚಳಿ, ನಾಗಲಕ್ಷ್ಮಿಯವ್ರೇ. ಮಗು ಕಣ್ಮುಂದೆ ಇಲ್ದಿದ್ರೆ ನಂಗೆ ಹೊತ್ತೇ ಹೋಗಲ್ಲ. ಚಳಿ ಅಂದ್ರೆ ಯಾರೂ ಎದುರಾಡಲ್ಲ ಅಂತ ಹಂಗಂದೆ."

ಆ ಫೋನು ಬಂದಾಗಿನಿಂದ ಮನಸ್ಸಿನಲ್ಲೇ ಬೈಯುತ್ತಿದ್ದ ಹೆಂಗಸಿನ ಮೇಲೆ ಈಗ ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

"ನಾನೂ ಇಲ್ಲೇ ಇದ್ರೆ ತೊಂದ್ರೆ ಆಗುತ್ತಾ?" ಎಂದರು.

ಸೌಜನ್ಯ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇರಿ," ಎಂದೆ. "ಆದ್ರೆ ಮಗೀಗೆ ನೀರಾಕೋದು ನಾನೇ."

"ಎಣ್ಣೆ ಹಚ್ಚೋದು?"

ಮಗುವನ್ನು ಸೌಜನ್ಯಳ ಮಡಿಲಿಂದ ಎತ್ತಿಕೊಂಡೆ.

"ಕೈಕಾಲು ನಿಮ್ದು. ತಲೆ, ಬೆನ್ನು ನಂದು."