ಮಿಶ್ರಿ ಹುರಿಯುವ ಕೈ

ಹಳೇ ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯುವ ಕಮರುದ್ದೀನನಿಗೆ ತಾನು ಅರ್ಧ ಡಾಕ್ಟರ್ ಎಂಬ ಧಿಮಾಕು ಇತ್ತು. ಯಾಕಿರಬಾರದು? ಹೆಂಡತಿ ರಾಜಬಿಯ ಹೃದಯಕ್ಕೆ ಲೋಹದ ಕವಾಟ ಕೂಡಿಸಿದ ದೊಡ್ಡ ಡಾಕ್ಟರು ಅವನನ್ನೇ ಕರೆದು ಹೇಳಿದ್ದರು: ಹಲ್ಲು ಕೀಳಿಸಲಿ, ಮೈಯೊಳಗೆ ಕೊಳವೆ ಹಾಕಿಸಲಿ, ಮೊದಲು ಈ ಕ್ಯಾಪ್ಸೂಲ್ ನುಂಗಿಸು, ಇಲ್ಲದಿದ್ದರೆ ರಕ್ತಕ್ಕೆ ರೋಗದ ಹುಳ ಸೇರಿ ಕವಾಟದ ಮೇಲೆ ಕೂತುಬಿಡುತ್ತವೆ. ಅಂದಿನಿಂದ ಆ ಕ್ಯಾಪ್ಸೂಲುಗಳು ಅವನ ಅಂಗಿಯ ಜೇಬು ಬಿಟ್ಟು ಕದಲಿರಲಿಲ್ಲ. ಮದುವೆ ಮನೆಗೂ ಹೋಗಿ ಬಂದಿದ್ದವು.

2008ರ ಚಳಿಗಾಲದಲ್ಲಿ ರಾಜಬಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಸುಮಲತಾ ಎದೆಯ ಮೇಲಿಂದ ಎಕೋ ಸ್ಕ್ಯಾನ್ ಮಾಡಿ ನೋಡಿದರು. ಲೋಹದ ನೆರಳು ಅಡ್ಡ ಬಂದು ಏನೂ ಸರಿಯಾಗಿ ಕಾಣಲಿಲ್ಲ. ಗಂಟಲೊಳಗೆ ಕೊಳವೆ ಇಳಿಸಿ ಹೃದಯವನ್ನು ಹಿಂದಿನಿಂದ ನೋಡಬೇಕು, ಕವಾಟ ಕೆಟ್ಟಿದ್ದರೆ ತಡ ಮಾಡಿದಷ್ಟೂ ಜೀವಕ್ಕೆ ಅಪಾಯ ಎಂದರು.

ಕಮರುದ್ದೀನ ಠೀವಿಯಿಂದ ಜೇಬಿಗೆ ಕೈಹಾಕಿದ.

"ಕಾಕಾ, ಇದಕ್ಕ ಕ್ಯಾಪ್ಸೂಲ್ ಬ್ಯಾಡ್ರಿ. ಹೋದ ವರ್ಷ ನಿಯಮ ಬದಲಾಗೇತಿ."

"ನಿಯಮ ಬದಲಾಗಿರಬೇಕು ಡಾಕ್ಟರ್ ಬಾಯಾರ, ಹುಳ ಬದಲಾಗ್ಯಾವೇನು? ಕ್ಯಾಪ್ಸೂಲ್ ಇಲ್ದ ಆಕಿ ಗಂಟಲಕ್ಕ ಕೊಳವಿ ಹಾಕಾಕ ನಾ ಬಿಡಂಗಿಲ್ಲ. ಒಪ್ಪಿಗಿ ಕಾಗದಕ್ಕ ರುಜು ಮಾಡಂಗಿಲ್ಲ."

ಸುಮಲತಾ ಸಿಟ್ಟಾಗಲಿಲ್ಲ. ರಾಜಬಿಯ ಬಾಯಿ ತೆಗೆಸಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರು.

"ಚಾಚಿ, ದಿನಾ ಹಲ್ಲಿಗೆ ಏನ ತಿಕ್ಕೊಂತೀರಿ?"

"ಮಿಶ್ರಿ ರೀ" ಎಂದಳು ರಾಜಬಿ, ಹೆಮ್ಮೆಯಿಂದ. "ಅಂಗಡ್ಯಾಂದಲ್ಲ ಮತ್ತ. ಇವರೇ ತಂಬಾಕಿನ ಎಲಿ ಹಂಚಿನ ಮ್ಯಾಲೆ ಕರ್ರಗ ಹುರದು, ಪುಡಿ ಮಾಡಿ, ಡಬ್ಬಿ ತುಂಬಿಸಿ ಕೊಡ್ತಾರ. ಇಂಥಾ ಗಂಡ ಯಾರಿಗೆ ಸಿಗತಾನ್ರಿ?"

ಕಮರುದ್ದೀನ ಮೀಸೆಯೊಳಗೇ ನಕ್ಕ.

"ತಿಕ್ಕಿದಾಗ ರಕ್ತ ಬರತೈತೇನ್ರಿ?"

"ದಿನಾ ಬರತೈತಿ. ಕೆಟ್ಟ ರಕ್ತ ಅಲ್ಲೇನ್ರಿ, ಹೋದ್ರ ಛಲೋನ ಆತಲ್ಲ?"

"ಕೆಟ್ಟ ರಕ್ತ ಅಲ್ರಿ ಅದು, ವಸಡು ಹರದು ಬರೋ ರಕ್ತ. ರಕ್ತ ಹೊರಗ ಬರೋ ದಾರಿಯೊಳಗ ಬಾಯಾಗಿನ ಹುಳ ಒಳಗ ಹೋಗತಾವು." ಡಾಕ್ಟರು ಕಮರುದ್ದೀನನ ಕಡೆ ತಿರುಗಿದರು. "ನನ್ನ ಕೊಳವಿಯಿಂದ ಹುಳ ಸೇರೋದು ಬಾಳ ಕಡಿಮಿ ಕಾಕಾ, ಅದಕ್ಕ ಕ್ಯಾಪ್ಸೂಲ್ ಬ್ಯಾಡ ಅಂದೆ. ಹಲ್ಲು ಕೀಳಸೋ ಮುಂದ ಬೇಕೇ ಬೇಕು, ಆ ಮಾತು ಈಗೂ ಖರೇ. ಆದ್ರ ಇವರು ದಿನಾ ಮುಂಜಾನಿ ವಸಡು ಕೆರಕೊಂತಾರಲ್ಲ, ಅದಕ್ಕ ಯಾವ ಕ್ಯಾಪ್ಸೂಲ್ ಕೊಟ್ಟೀರಿ?"

ಕಮರುದ್ದೀನ ಜೇಬಿನಿಂದ ಕೈ ಹೊರಗೆ ತೆಗೆದ. ಇಷ್ಟು ವರ್ಷ ಹೆಂಡತಿಯ ಜೀವ ಕಾಯುತ್ತಿದ್ದೇನೆಂದು ಎದೆಯುಬ್ಬಿಸಿ ತಿರುಗಿದ್ದ. ಆ ಜೀವಕ್ಕೆ ಕುತ್ತು ತರುವ ಪುಡಿಯನ್ನು ತನ್ನ ಕೈಯಾರೆ, ಅದೂ ಪ್ರೀತಿಯಿಂದ, ಹುರಿದು ಕೊಟ್ಟಿದ್ದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ರುಜು ಎಲ್ಲಿ ಮಾಡ್ಲಿ, ತೋರಸ್ರಿ" ಎಂದ.

ಕೊಳವೆ ಇಳಿಯಿತು. ಅವನು ಹೊರಗಿನ ಬೆಂಚಿನ ಮೇಲೆ ಕೂತು ಬಾಯಿಗೆ ಬಂದ ದುವಾ ಎಲ್ಲ ಓದಿದ. ಸುಮಲತಾ ನಗುತ್ತಲೇ ಬಂದರು.

"ಹುಳ ಕೂತಿಲ್ಲ ಕಾಕಾ. ಕವಾಟದ ಮ್ಯಾಲೆ ಸಣ್ಣ ಹೆಪ್ಪು ಕಟ್ಟೇತಿ, ಔಷಧದಾಗ ಕರಗಸ್ತೀವಿ. ಲಗೂ ಬಂದ್ರಿ, ಛಲೋ ಆತು. ಆದ್ರ ಇನ್ನ ಆ ಮಿಶ್ರಿ ಬಂದ್."

ಹೆಪ್ಪು ಕರಗಿ, ಉಸಿರು ಹಗುರಾಗಿ ರಾಜಬಿ ಮನೆಗೆ ಬಂದಳು. ಮರುದಿನ ಎದ್ದವಳೇ ಗಂಡನ ಮುಂದೆ ಖಾಲಿ ಡಬ್ಬಿ ಹಿಡಿದಳು.

"ಹಂಚು ಇಡ್ರಿ. ಚಿಟಿಕಿಯಷ್ಟ ಸಾಕು."

"ಒಲ್ಲೆ."

ರಾಜಬಿ ಕಣ್ಣರಳಿಸಿ ನೋಡಿದಳು. ನಿಕಾ ಆದಾಗಿನಿಂದ ಆ ಬಾಯಲ್ಲಿ ಈ ಮಾತು ಕೇಳಿರಲಿಲ್ಲ.

"ನನ್ನ ಮ್ಯಾಲಿನ ಪ್ರೀತಿ-ಮಾಯೆ ಹೋತೇನ್ರಿ ನಿಮಗ?"

"ಬೇಕಾದ್ರ ಸಿಟ್ಟಾಗು. ಮಾತಾಡಬ್ಯಾಡ. ರೊಟ್ಟಿ ಹಾಕಬ್ಯಾಡ. ನೀ ಇರಬೇಕು ನನಗ, ಅಷ್ಟ."

ರಾಜಬಿ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು. ನಾಲ್ಕೈದು ದಿನ ಅವನೊಂದಿಗೆ ಮಾತೇ ಆಡಲಿಲ್ಲ. ಆ ನಾಲ್ಕೈದು ದಿನವೂ ಕಮರುದ್ದೀನ ತಾನೇ ಚಹಾ ಕಾಸಿ ಅವಳ ಮುಂದಿಟ್ಟು, ಅಂಗಡಿಯಲ್ಲಿ ಹಾಡು ಗುನುಗುತ್ತ ಗಾದಿ ಹೊಲಿದ.