ಹನ್ನೊಂದನೆಯ ಕಲಂ

ಶಾಸಕರಾಗಿ ಹದಿನೆಂಟು ವರ್ಷ ಕಳೆದಿದ್ದರೂ ಊರವರ ಬಾಯಲ್ಲಿ ಅವರು ಮೇಷ್ಟ್ರೇ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟಿದ್ದರು. ಅವರದು ಹಳೆಯ ನಡೆನುಡಿ, ಸಂಸಾರ, ಮಾನಮರ್ಯಾದೆ ಅನ್ನುವ ಪಕ್ಷ. ಮೇಷ್ಟ್ರಿಗೂ ಅದೇ ಸರಿ. ಗಂಡು ಹೆಣ್ಣು ಮದುವೆಯಾಗಿ ಬಾಳಬೇಕು, ಹಿರಿಯರ ಮಾತು ನಡೆಯಬೇಕು, ಸರ್ಕಾರ ರಸ್ತೆ ನೀರು ಪೊಲೀಸು ನೋಡಿಕೊಂಡು ತನ್ನ ಪಾಡಿಗೆ ತಾನಿರಬೇಕು. ಅವರ ರಾಜಕೀಯವೆಲ್ಲ ಇಷ್ಟೇ. ಎದುರು ಪಕ್ಷದವರು ಅಧಿಕಾರದಲ್ಲಿದ್ದಾಗ ಮನೆಮನೆಯೊಳಕ್ಕೆ ಜನರನ್ನು ನುಗ್ಗಿಸಿ ಏನೇನೋ ಪಟ್ಟಿ ಮಾಡಿಸಲು ಹೊರಟಿದ್ದರು. ಆಗ ಮೇಷ್ಟ್ರು ಸದನದಲ್ಲಿ ಒಂದೂವರೆ ಗಂಟೆ ನಿಂತು ಮಂತ್ರಿಯ ಬೆವರಿಳಿಸಿದ್ದರು. ಅವರ ಪಕ್ಷದವರು ಮೇಜು ಕುಟ್ಟಿದ್ದೇ ಕುಟ್ಟಿದ್ದು.

ಈಗ ಸ್ವಂತ ಪಕ್ಷದ ಸರ್ಕಾರ ಬಂದು ಎರಡನೇ ವರ್ಷಕ್ಕೆ ಕುಟುಂಬ ರಕ್ಷಣಾ ಮಸೂದೆ ತಂದಿತು. ಪ್ರತಿ ಮನೆಯವರೂ ತಮ್ಮ ಜೊತೆ ಯಾರಿದ್ದಾರೆ, ಅವರಿಗೂ ತಮಗೂ ಏನು ಸಂಬಂಧ ಎಂದು ನೋಂದಾಯಿಸಬೇಕು. ಹನ್ನೊಂದನೆಯ ಕಲಂ ಪ್ರಕಾರ, ಬೆಳಿಗ್ಗೆ ಆರರಿಂದ ಸಂಜೆ ಆರರ ಒಳಗೆ ಅಧಿಕಾರಿ ಯಾವ ಮನೆಗಾದರೂ ನುಗ್ಗಿ ಅದನ್ನು ಪರೀಕ್ಷಿಸಬಹುದು. ಮನೆಯವರ ಒಪ್ಪಿಗೆ ಬೇಕಿಲ್ಲ.

ಮಸೂದೆಯನ್ನು ನೋಡಲು ಒಂಬತ್ತು ಜನರ ಸಮಿತಿಯಿತ್ತು: ಆಡಳಿತ ಪಕ್ಷದ ಐವರು, ಎದುರು ಪಕ್ಷದ ನಾಲ್ವರು. ಐವರಲ್ಲಿ ಮೇಷ್ಟ್ರೂ ಒಬ್ಬರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರ ಹಾಗೆ ಅವರು ಮಸೂದೆಯನ್ನು ಕೆಂಪು ಪೆನ್ನು ಹಿಡಿದು ಓದಿದರು. ಹನ್ನೊಂದನೆಯ ಕಲಮಿಗೆ ಅಡ್ಡಗೆರೆ ಎಳೆದು, ಮಾರನೆಯ ದಿನವೇ ಅದನ್ನು ಸಚೇತಕನ ಮುಂದಿಟ್ಟರು.

ಪಕ್ಷದವರು ಯಾವ ಕಡೆ ಕೈ ಎತ್ತಬೇಕೆಂದು ನೋಡಿಕೊಳ್ಳುವುದು ಸಚೇತಕನ ಕೆಲಸ. ಅವನು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟ.

"ಇದನ್ನ ತೆಗೀಬೇಕಪ್ಪ," ಎಂದರು ಮೇಷ್ಟ್ರು. "ಅವರು ಮಾಡಿದಾಗ ತಪ್ಪು ಅಂದವರು ನಾವು."

"ಅವರು ಮಾಡಿದ್ದು ಬೇರೆ ಸರ್. ನಾವು ಸಂಸಾರ ಉಳಿಸೋಕೆ ಮಾಡ್ತಿದ್ದೀವಿ."

"ಬಾಗಿಲು ದೂಡಿಕೊಂಡು ಬಂದವನ ಉದ್ದೇಶ ಒಳ್ಳೇದಾದ್ರೆ ಬಾಗಿಲಿಗೆ ನೋವಾಗಲ್ವಾ?"

ಸಚೇತಕ ನಕ್ಕ. ಆಮೇಲೆ ಡ್ರಾಯರ್ ಎಳೆದು ಒಂದು ತೆಳು ಫೈಲನ್ನು ಮೇಜಿನ ಮೇಲಿಟ್ಟ, ತೆರೆಯಲಿಲ್ಲ. "ನಿಮ್ಮ ಅಕ್ಕನ ಮನೆ ಮಹಡಿ ಮೇಲೆ ಇರೋರು ಯಾರು ಸರ್? ನಾನು ಕೇಳ್ತಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಅಂತ."

ಮೇಷ್ಟ್ರು ಮಸೂದೆಯ ಪ್ರತಿ ಮಡಚಿಕೊಂಡು ಎದ್ದು ಬಂದರು.

ಅಕ್ಕನದು ಟೈಲರಿಂಗ್ ಅಂಗಡಿ. ಕೆಳಗೆ ಎರಡು ಹೊಲಿಗೆ ಮಿಷನ್, ಮಹಡಿಯ ಮೇಲೆ ಮನೆ. ಭಾವ ತೀರಿಕೊಂಡ ಮೇಲೆ ಅವಳು ಒಂಟಿಯಾಗಿಯೇ ಅಂಗಡಿ ನಡೆಸಿದಳು. ಒಂಬತ್ತು ವರ್ಷದ ಹಿಂದೆ ಒಬ್ಬ ನಿವೃತ್ತ ಬಸ್ ಡ್ರೈವರ್ ಮಹಡಿಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ. ಬಾಡಿಗೆಯ ಮಾತು ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ. ಮದುವೆ ಆಗಲಿಲ್ಲ. ಮೇಷ್ಟ್ರಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಅಂದಿನಿಂದ ಅವರು ಮಹಡಿ ಹತ್ತಿರಲಿಲ್ಲ. ಬಂದಾಗಲೆಲ್ಲ ಅಂಗಡಿಯ ಸ್ಟೂಲಿನ ಮೇಲೆ ಕೂತು ಮಾತಾಡಿ ಹೋಗುತ್ತಿದ್ದರು.

ಅಂದೂ ಅಲ್ಲೇ ಕೂತು ಫೈಲಿನ ವಿಷಯ ಹೇಳಿದರು. ಅಕ್ಕ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುತ್ತ ಕೇಳಿಸಿಕೊಂಡಳು.

"ಈಗ ಏನು ಮಾಡ್ತೀಯ?"

"ಅದನ್ನೇ ಯೋಚಿಸ್ತಿದ್ದೀನಿ. ನಾನೇ ಸಮಿತಿ ಮುಂದೆ ಎದ್ದು ನಿಂತು, ನನ್ನ ಅಕ್ಕನ ಮನೇನೇ ನೋಡಿ, ಇದು ನನಗೆ ಸರಿಬರಲ್ಲ, ಆದ್ರೆ ಕೇಳೋಕೆ ನೀವ್ಯಾರು ಅಂದುಬಿಟ್ರೆ? ಅವರ ಕೈಯಲ್ಲಿ ಇನ್ನೇನೂ ಉಳಿಯಲ್ಲ."

"ಫೈಲು ತೆಗೆದು ತೋರಿಸೋ ಕೆಲಸ ಅವರಿಗೆ ಯಾಕೆ ಅಂತ ನೀನೇ ಮಾಡಿಬಿಡ್ತೀಯ?"

ಮೇಷ್ಟ್ರು ಕೆಳಗೆ ಬಿದ್ದಿದ್ದ ಒಂದು ಗುಂಡುಸೂಜಿ ಹೆಕ್ಕಿ ಮಿಷನ್ನಿನ ಮೇಲಿಟ್ಟರು.

"ನೋಡು," ಅಂದಳು ಅಕ್ಕ, "ನಿನಗೆ ಒಪ್ಪಿಗೆ ಇಲ್ಲ ಅನ್ನೋದನ್ನ ಒಂಬತ್ತು ವರ್ಷದಿಂದ ಈ ಸ್ಟೂಲ್ ಮೇಲೆ ಕೂತೇ ಹೇಳ್ತಿದ್ದೀಯ. ತಮ್ಮ ನೀನು, ನಿನಗೆ ಸಲ್ಲುತ್ತೆ. ಆದ್ರೆ ನನ್ನ ವಿಷಯ ತಗೊಂಡು ಭಾಷಣ ಮಾಡಬೇಡ. ಕಲಮಿನ ಪರವಾಗೂ ಬೇಡ, ವಿರುದ್ಧವಾಗೂ ಬೇಡ."

ಅಷ್ಟರಲ್ಲಿ ಡ್ರೈವರ್ ಗುಂಡಿಯ ಪೊಟ್ಟಣಗಳನ್ನು ಹಿಡಿದು ಒಳಗೆ ಬಂದ. ಮೇಷ್ಟ್ರನ್ನು ಕಂಡು, "ಯಾವಾಗ ಬಂದ್ರಿ?" ಎಂದ. "ಈಗಷ್ಟೇ," ಎಂದರು ಮೇಷ್ಟ್ರು. ಅವರಿಬ್ಬರ ನಡುವೆ ಎಂದೂ ಇದಕ್ಕಿಂತ ಹೆಚ್ಚು ಮಾತು ನಡೆದದ್ದಿಲ್ಲ.

ಸಮಿತಿ ಸೇರಿದ ದಿನ ಮಂತ್ರಿಗಳು ತಾವೇ ಬಂದು ಕೂತರು. ನೋಂದಣಿ ಬೇಕು ಎನ್ನುವಲ್ಲಿಯವರೆಗೆ ಮೇಷ್ಟ್ರು ಪಕ್ಷದ ಜೊತೆಗೇ ಕೈ ಎತ್ತಿದರು. ಹನ್ನೊಂದನೆಯ ಕಲಂ ಬಂತು. "ಮುಚ್ಚಿಡೋಕೆ ಏನೂ ಇಲ್ಲದವರಿಗೆ ಹೆದರಿಕೆ ಯಾಕೆ?" ಎಂದರು ಮಂತ್ರಿಗಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಕ್ಲಾಸಿನಲ್ಲಿ ಒಂದ್ಸಲ ಒಬ್ಬನ ಕಂಪಾಸ್ ಪೆಟ್ಟಿಗೆ ಕಾಣೆಯಾಯ್ತು. ಕಳ್ಳನನ್ನು ಹಿಡಿದೇ ತೀರ್ತೀನಿ ಅಂತ ನಲವತ್ತೊಂದು ಮಕ್ಕಳ ಚೀಲವನ್ನೂ ಮೇಜಿನ ಮೇಲೆ ಸುರಿಸಿದೆ. ಒಂದು ಹುಡುಗಿಯ ಚೀಲದಿಂದ ಅವಳ ಅಪ್ಪ ಜೈಲಿನಿಂದ ಬರೆದ ಕಾಗದ ಬಿತ್ತು. ಅಪ್ಪ ಬೇರೆ ಊರಲ್ಲಿ ಕೆಲಸದಲ್ಲಿದ್ದಾರೆ ಅಂತ ಎಲ್ಲರಿಗೂ ಹೇಳಿದ್ದಳು. ಲಕೋಟೆಯ ಮೇಲೆ ಜೈಲಿನ ಮೊಹರಿತ್ತು, ಮುಂದಿನ ಬೆಂಚಿನವರು ಓದಿದರು. ಕಂಪಾಸ್ ಪೆಟ್ಟಿಗೆ ಆಮೇಲೆ ಬೆಂಚಿನ ಕೆಳಗೇ ಸಿಕ್ತು. ಆ ಹುಡುಗಿ ಮಾರನೇ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಅವರ ಮನೆಗೆ ಎರಡು ಸಲ ಹೋದೆ. ಬಾಗಿಲು ತೆಗೀಲಿಲ್ಲ. ಅವಳು ಕದ್ದದ್ದು ಏನೂ ಇರಲಿಲ್ಲ ಸ್ವಾಮಿ. ಮುಚ್ಚಿಟ್ಟದ್ದು ಇತ್ತು."

ಯಾರೂ ಮೇಜು ಕುಟ್ಟಲಿಲ್ಲ. ಮೇಷ್ಟ್ರು ಎದುರು ಪಕ್ಷದ ನಾಲ್ವರ ಜೊತೆ ಕೈ ಎತ್ತಿದರು. ಐದಕ್ಕೆ ನಾಲ್ಕು. ಕಲಂ ಬಿದ್ದುಹೋಯಿತು.

ಅದರ ಫಲ ಬೇಗನೇ ಕೈಗೆ ಬಂತು. ಸಮಿತಿಯಿಂದ ತೆಗೆದರು, ಮುಂದಿನ ಚುನಾವಣೆಗೆ ಟಿಕೆಟ್ ಇಲ್ಲವೆಂದು ಸಚೇತಕನೇ ಫೋನ್ ಮಾಡಿ, ತುಂಬಾ ಗೌರವದಿಂದ ಹೇಳಿದ. ಪಕ್ಷದ ಪತ್ರಿಕೆಯಲ್ಲಿ ಅಕ್ಕನ ವಿಷಯ ಹೆಸರಿಲ್ಲದೆ ಬಂತು, ಆದರೆ ಅಂಗಡಿಯ ಫೋಟೋ ಹಾಕಿದ್ದರು. ಇಬ್ಬರು ಕ್ಯಾಮೆರಾ ಹಿಡಿದು ಎರಡು ದಿನ ಎದುರಿಗೆ ನಿಂತರು. ಅಕ್ಕ ಅವರಿಗೆ, "ಅಳತೆ ಕೊಡೋದಿದ್ರೆ ಒಳಗೆ ಬನ್ನಿ, ಇಲ್ಲಾಂದ್ರೆ ಬೆಳಕು ಬಿಡಿ," ಎಂದಳಂತೆ. ಗಿರಾಕಿಗಳು ಒಂದಷ್ಟು ದಿನ ಆ ಕಡೆ ತಲೆ ಹಾಕಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ ಹೊಲಿಸಲು ಅರ್ಧದಷ್ಟು ಜನ ಬಂದರು. ಉಳಿದರ್ಧ ಬರಲೇ ಇಲ್ಲ. ಒಂದು ಮಿಷನ್ನಿಗೆ ಮುಸುಕು ಹಾಕಬೇಕಾಯಿತು. ಮೇಷ್ಟ್ರಿಗೆ ಟಿಕೆಟ್ ಹೋದದ್ದಕ್ಕಿಂತ ಆ ಮುಸುಕು ಹೆಚ್ಚು ಕಾಡಿತು. ಅಕ್ಕ ಮಾತ್ರ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಉಳಿದ ಮಸೂದೆ ಪಾಸಾಗಿ ಕಾನೂನಾಯಿತು. ನೋಂದಣಿಯ ಗುಮಾಸ್ತೆ ಒಂದು ಮಧ್ಯಾಹ್ನ ಅಕ್ಕನ ಅಂಗಡಿಗೆ ಬಂದಳು. ಒಳಗೆ ಬರುವ ಅಧಿಕಾರ ಅವಳಿಗಿರಲಿಲ್ಲ. ಬಿಸಿಲಲ್ಲಿ ನಿಲ್ಲಬಾರದೆಂದು ಅಕ್ಕನೇ ಕುರ್ಚಿ ಹಾಕಿ ಕೂರಿಸಿದಳು. ಫಾರಂ ತುಂಬಲು ಹತ್ತು ನಿಮಿಷ ಹಿಡಿಯಿತು.

ಸುದ್ದಿ ತಿಳಿದು ಮೇಷ್ಟ್ರು ಸಂಜೆ ಫೋನ್ ಮಾಡಿದರು.

"ಬಂದಿದ್ಳಂತೆ?"

"ಹೂಂ. ಪಾಪ, ಒಳ್ಳೇ ಹುಡುಗಿ."

"ಸಂಬಂಧ ಅನ್ನೋ ಕಡೆ ಏನು ಬರೆಸಿದೆ?"

ಆ ಕಡೆ ಹೊಲಿಗೆ ಮಿಷನ್ ಸ್ವಲ್ಪ ಹೊತ್ತು ಓಡಿ ನಿಂತಿತು.

"ಅದೆಲ್ಲ ನಿನಗ್ಯಾಕೋ?" ಅಂದಳು ಅಕ್ಕ.

"ಸರಿ," ಎಂದರು ಮೇಷ್ಟ್ರು. ಆಮೇಲೆ ಅವಳ ಮಂಡಿನೋವು ಹೇಗಿದೆ ಎಂದು ಕೇಳಿದರು.