ಪಾವಗಡದ ಸರ್ವರ್

ತಪ್ಪು ಮಾಡಿದ್ದು ಹಾಡಹಗಲು ಹನ್ನೊಂದೂವರೆಗೆ, ಕಾಫಿ ಕುಡಿಯುತ್ತಾ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರಲ್ಲಿ ಡಾಕ್ಟರ್ ವೀರಭದ್ರಯ್ಯನವರ ಕ್ಲಿನಿಕ್ಕುಗಳಿವೆ. ಒಂದೊಂದರಲ್ಲೂ ದಾಖಲೆಗಳನ್ನಿಡುವ ಒಂದು ಸರ್ವರ್. ಮಧುಗಿರಿಯಲ್ಲಿ ಕೂತು ನಾಲ್ಕನ್ನೂ ನೋಡಿಕೊಳ್ಳುವವಳು ನಾನು, ಜ್ಯೋತಿಲಕ್ಷ್ಮಿ. ಮೊದಲೆಲ್ಲ ಬಸ್ಸು ಹತ್ತಿ ಹೋಗಿ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಓಪನ್ ಸೋರ್ಸ್ ಟೂಲು ಮಾಡುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಏನಾಗಬೇಕೆಂದು ಒಂದು ಫೈಲಿನಲ್ಲಿ ಬರೆದು ಗುಂಡಿ ಒತ್ತಿದರೆ ನಾಲ್ಕೂ ಊರಲ್ಲಿ ಅದೇ ಆಗುತ್ತದೆ. ಬಲು ವಿಧೇಯ ಟೂಲು. ಬರೆದವಳಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಕೇಳುವುದಿಲ್ಲ.

ಮೊದಲು ಕೊರಟಗೆರೆಯಲ್ಲಿ ಮಾತ್ರ ಮಾಡಿ ನೋಡಬೇಕೆಂಬ ನಿಯಮ ನಾನೇ ಮಾಡಿದ್ದು. ಆವತ್ತು ಸೋಮಾರಿತನ, ನಾಲ್ಕಕ್ಕೂ ಒಟ್ಟಿಗೆ ಕಳಿಸಿದೆ. ಅಳಿಸಬೇಕಾದ ಹಳೇ ಫೋಲ್ಡರಿನ ಜಾಗದಲ್ಲಿ ರೋಗಿಗಳ ದಾಖಲೆಯ ಫೋಲ್ಡರನ್ನು ಬರೆದಿದ್ದೆ.

ಹನ್ನೊಂದು ಸಾವಿರ ಜನರ ದಾಖಲೆ. ಯಾರಿಗೆ ಯಾವ ಇಂಜೆಕ್ಷನ್ ಒಗ್ಗುವುದಿಲ್ಲ, ಯಾವ ಬಸುರಿಯದು ಯಾವ ರಕ್ತ, ಎಲ್ಲ ಅದರಲ್ಲೇ. ಒಂದು ಕೆಟ್ಟರೂ ಉಳಿಯಲಿ ಎಂದು ನಾಲ್ಕೂ ಊರಲ್ಲಿ ಪ್ರತಿ ಇಟ್ಟಿದ್ದೆವು. ಒಬ್ಬಳೇ ಕೂತು ನಾಲ್ಕನ್ನೂ ಒಂದೇ ಸಲ ಅಳಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪರದೆಯ ಮೇಲೆ ಮಧುಗಿರಿ ಮುಗಿಯಿತು. ಶಿರಾ ಮುಗಿಯಿತು. ಕೊರಟಗೆರೆಯೂ ಮುಗಿಯಿತು. ಪಾವಗಡ ಉತ್ತರ ಕೊಡಲಿಲ್ಲ. ಆಗ ಫೈಲನ್ನು ಮತ್ತೆ ಓದಿದೆ.

ಪಾವಗಡದಲ್ಲಿ ಕರೆಂಟ್ ಹೋಗಿತ್ತು. ಆದೇಶ ತಲುಪಿತ್ತು, ಆದರೆ ಪಾಲಿಸುವ ಮೊದಲೇ ಸರ್ವರ್ ಆರಿತ್ತು. ಕರೆಂಟ್ ಬಂದು ಅದು ಎದ್ದ ಕೂಡಲೇ ಬಾಕಿ ಕೆಲಸ ತಾನಾಗಿ ಮುಗಿಸುತ್ತದೆ, ಇಲ್ಲಿಂದ ತಡೆಯಲು ಬರುವುದಿಲ್ಲ. ಆ ಜಾಣತನದ ಏರ್ಪಾಡೂ ನನ್ನದೇ. ಲೈನ್ ಕೆಲಸವಿದೆ, ಹನ್ನೆರಡಕ್ಕೆ ಕರೆಂಟ್ ಕೊಡುತ್ತೇವೆ ಎಂದು ಬೆಳಿಗ್ಗೆಯೇ ಮೆಸೇಜ್ ಬಂದಿತ್ತು. ಈಗ ಹನ್ನೊಂದು ನಲವತ್ತು. ಬಸ್ಸಿನಲ್ಲಿ ಹೋದರೆ ಒಂದೂವರೆ ಗಂಟೆ. ಅಲ್ಲಿನ ನರ್ಸುಗಳು ಹಳ್ಳಿಯ ಕ್ಯಾಂಪಿಗೆ ಹೋಗಿದ್ದರು. ಕ್ಲಿನಿಕ್ಕಿನಲ್ಲಿ ಇದ್ದವಳು ಕಸ ಗುಡಿಸುವ ಓಬಳಮ್ಮ ಒಬ್ಬಳೇ.

ಓಬಳಮ್ಮನಿಗೂ ನನಗೂ ಸರಿಯಿರಲಿಲ್ಲ. ಹೋದ ವರ್ಷ ಅವಳು ಗುಡಿಸುವಾಗ ಸರ್ವರಿನ ವೈರು ಕಿತ್ತುಬಂದು ಅರ್ಧ ದಿನ ಕ್ಲಿನಿಕ್ ನಿಂತಿತ್ತು. ನಾನು ದೂರು ಬರೆದೆ. ಹದಿನೈದು ದಿನ ಅವಳನ್ನು ಮನೆಗೆ ಕಳಿಸಿದರು. ಇನ್ನೊಮ್ಮೆ ಆ ವೈರು ಮುಟ್ಟಿದರೆ ಕೆಲಸ ಹೋಗುತ್ತದೆ ಎಂದು ಎಲ್ಲರೆದುರು ಹೇಳಿದ್ದೆ. ವೈರನ್ನು ಸಡಿಲವಾಗಿ ಸಿಕ್ಕಿಸಿದ್ದು ನಾನು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೂರನೇ ಸಲಕ್ಕೆ ಫೋನ್ ಎತ್ತಿದಳು. ಸರ್ವರಿನ ವೈರನ್ನು ಗೋಡೆಯಿಂದ ಕಿತ್ತುಬಿಡು ಎಂದೆ. ನನ್ನ ದನಿ ನಡುಗುತ್ತಿತ್ತು. ಆ ಕಡೆ ಪೊರಕೆ ಕೆಳಗಿಟ್ಟ ಸದ್ದು ಕೇಳಿಸಿತು.

"ನಾನೆಂಗೆ ಮುಟ್ಟಲಿ ಮೇಡಮ್ಮೋರೆ? ಮುಟ್ಟಬ್ಯಾಡ ಅಂತ ನೀವೇ ಏಳಿದ್ರಲ್ಲ."

ಬೇಡಿಕೊಂಡೆ. ಬಯ್ದೆ. ಮತ್ತೆ ಬೇಡಿಕೊಂಡೆ. ಕೆಲಸಕ್ಕೇನೂ ಆಗುವುದಿಲ್ಲ, ನಾನಿದ್ದೇನೆ ಎಂದೆ. ಆ ಮಾತಿಗೆ ಅವಳು ನಕ್ಕಳೋ ಏನೋ. ಹನ್ನೊಂದು ಐವತ್ತಾಯಿತು. ಲೈನ್‌ಮನ್ ಬೇಗ ಕೆಲಸ ಮುಗಿಸಿಬಿಟ್ಟರೆ? ಒಗ್ಗದ ಇಂಜೆಕ್ಷನ್ ಚುಚ್ಚಿಸಿಕೊಂಡು ಯಾರೋ ಒದ್ದಾಡುವುದು ಕಣ್ಣಿಗೆ ಕಟ್ಟುತ್ತಿತ್ತು.

"ಡಾಕ್ಟ್ರಿಗೂ ಫೋನ್ ಸೇರ್ಸಿ," ಎಂದಳು ಓಬಳಮ್ಮ. "ತಪ್ಪು ಯಾರ್ದು ಅಂತ ನನ್ ಕಿವೀಗೆ ಬೀಳಂಗೆ ಏಳಿ."

ಸೇರಿಸಿದೆ. ನಾನೇ ಅಳಿಸಿದೆ ಸರ್, ಮೂರು ಊರಿನದು ಹೋಯಿತು, ಪಾವಗಡದ್ದೊಂದೇ ಉಳಿದಿದೆ ಎಂದೆ. ಡಾಕ್ಟರು ಮಾತಾಡಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೌನ ತಡೆಯಲಾಗದೆ, ಯಾರೂ ಕೇಳದಿದ್ದರೂ, ಹೋದ ವರ್ಷದ್ದನ್ನೂ ಹೇಳಿಬಿಟ್ಟೆ.

"ಆ ವೈರು ಸಡಿಲ ಬಿಟ್ಟಿದ್ದು ನಾನು ಸರ್. ಓಬಳಮ್ಮನವರ ತಪ್ಪಲ್ಲ."

ಅಷ್ಟರಲ್ಲಿ ಪಾವಗಡದ ಕಡೆಯಿಂದ ಫ್ಯಾನು ತಿರುಗುವ ಸದ್ದು ಕೇಳಿಸಿತು. ಕರೆಂಟ್ ಬಂದಿತ್ತು. ಎಲ್ಲ ಮುಗಿಯಿತು ಎಂದುಕೊಂಡೆ.

"ಎದರ್ಕಬ್ಯಾಡ ಕಣಮ್ಮ," ಎಂದಳು ಓಬಳಮ್ಮ. "ಮೊದಲ್ನೇ ಸಲ ನೀನು ನಡುಗ್ತಾ ಏಳ್ದಾಗ್ಲೇ ವೈರು ಕಿತ್ತಾಕ್ಬುಟ್ಟೆ. ನೀನು ಬಾಯ್ಬುಡ್ತೀಯೋ ಇಲ್ವೋ ಅಂತ ನೋಡ್ದೆ, ಅಷ್ಟೇಯ."

ಅವಳು ಫೋನ್ ಇಟ್ಟಳು. ಡಾಕ್ಟರು ಇನ್ನೂ ಲೈನಿನಲ್ಲಿದ್ದರು.